ದುಡಿದವರ ಚರಿತ್ರೆ ಮತ್ತು ನಮ್ಮ ಮಠಗಳು

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಶಾಸನವನ್ನು ಕಣ್ಣಾರೆ ಕಾಣದ ಸದ್ಭಕ್ತರು ಈ ಸೀಮೆಯಲ್ಲಿ ವಿರಳ. ಕದಂಬ ಕುಲದ ಹುಟ್ಟು, ಮಯೂರಶರ್ಮನ ಕಂಚಿಯ ಪ್ರಯಾಣ, ಪಲ್ಲವರೊಡನೆ ಆತನ ಕಲಹ ಇವೆಲ್ಲವೂ ನಮಗೆ ತಿಳಿದಿರುವುದು ಆ ಸಂಸ್ಕೃತ ಕಾವ್ಯದಿಂದ. ಕಾಕುಸ್ಥವರ್ಮನು ಅಲ್ಲಿ ದೊಡ್ಡದೊಂದು ಕೆರೆಯನ್ನು ಕಟ್ಟಿಸಿದನೆಂದೂ, ಆತನ ಮಗ ಶಾಂತಿವರ್ಮನ ಆಳ್ವಿಕೆಯಲ್ಲಿ ಕುಬ್ಜನೆಂಬ ಕವಿ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನೆಂದೂ ಶಾಸನ ಹೇಳುತ್ತದೆ. ಕಟ್ಟಿಸಿದವನ ಹೆಸರಿದೆ, ಬರೆದವನ ಹೆಸರಿದೆ. ಮಣ್ಣು ಅಗೆದವರು, ಬುಟ್ಟಿ ಹೊತ್ತವರು, ಏರಿ ತುಳಿದವರು, ಆ ಗಡುಸು ಕಲ್ಲನ್ನು ಅರೆಯಿಂದ ಎಬ್ಬಿಸಿ ಎಳೆದು ತಂದವರು ಯಾರು? ಅವರಿಗೆ ದಿನಕ್ಕೆ ಎಷ್ಟು ಭತ್ತ ಅಳೆದುಕೊಟ್ಟರು? ಶಾಸನ ಮೌನವಾಗಿದೆ. ಅದನ್ನು ನಾವು ದೂಷಿಸುವುದಿಲ್ಲ. ರಾಜಪ್ರಶಸ್ತಿಯ ಧರ್ಮವೇ ಅದು. ಆದರೆ ಹದಿನೈದು ನೂರು ವರ್ಷಗಳ ಅನಂತರವೂ ನಮ್ಮ ಚರಿತ್ರೆಯ ಪುಸ್ತಕಗಳು ಅದೇ ಮೌನವನ್ನು ಪಾಲಿಸಿಕೊಂಡು ಬಂದಿರುವುದನ್ನು ದೂಷಿಸದೆ ಇರಲಾರೆವು.

ಇದೇ ಊರಿನಲ್ಲಿ 2013-14ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ ಶಾಸನವು ಸುಮಾರು ಕ್ರಿ.ಶ. 370ರದೆಂದೂ, ಅದರಲ್ಲಿನ ಕನ್ನಡ ಹಲ್ಮಿಡಿಗಿಂತ ಹಳೆಯದೆಂದೂ ಪುರಾತತ್ತ್ವ ಇಲಾಖೆಯ ವಿದ್ವಾಂಸರು ಪ್ರಕಟಿಸಿದಾಗ ನಾಡೆಲ್ಲ ಹಿಗ್ಗಿತು. ಹಿಗ್ಗಿದವರಲ್ಲಿ ಎಷ್ಟು ಮಂದಿ ಅದರ ವಿಷಯವನ್ನು ಗಮನಿಸಿದರೋ ಕಾಣೆವು. ಒಬ್ಬ ನಾವಿಕನಿಗೆ, ಎಂದರೆ ಅಂಬಿಗನಿಗೆ, ಭೂಮಿ ಕೊಟ್ಟ ಸಂಗತಿ ಅದರಲ್ಲಿದೆಯೆಂದು ಓದಿದವರು ತಿಳಿಸಿದ್ದಾರೆ. ಕನ್ನಡವು ಕಲ್ಲಿನ ಮೇಲೆ ಕಾಣಿಸಿಕೊಂಡ ಆದಿಯಲ್ಲಿಯೇ ದುಡಿಯುವವನೊಬ್ಬನು ಇದ್ದಾನೆ. ಭಾಷೆಯ ಹಿರಿತನಕ್ಕಾಗಿ ನಾವು ಮೆರವಣಿಗೆ ಮಾಡಿದೆವು, ಅಂಬಿಗನನ್ನು ಮರೆತೆವು.

ಈ ಪೀಠಿಕೆಗೆ ಕಾರಣವುಂಟು. ಇತ್ತೀಚಿನ ವರ್ಷಗಳಲ್ಲಿ ಸಭೆ ಸಮಾರಂಭಗಳಲ್ಲಿ, ಶಿವಾನುಭವ ಗೋಷ್ಠಿಗಳಲ್ಲಿಯೂ ಕೂಡ, ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಶರಣರು ಕಾಯಕವನ್ನು ಬೋಧಿಸಿದರು, ಆದುದರಿಂದ ಕೂಲಿಯ ವಿಚಾರ ಎತ್ತುವುದು, ಸಂಘ ಕಟ್ಟುವುದು, ಮುಷ್ಕರ ಹೂಡುವುದು ಶರಣಧರ್ಮಕ್ಕೆ ಹೊರಗು, ದುಡಿಯುವುದಷ್ಟೇ ಭಕ್ತನ ಪಾಲು, ಫಲವನ್ನು ಕೇಳಬಾರದು. ಕಾರ್ಖಾನೆಯ ಒಡೆಯರು ಹೀಗೆಂದರೆ ಅವರ ಹಿತ ಅವರಿಗೆ ಎಂದು ಸುಮ್ಮನಿರಬಹುದು. ಕಾವಿ ತೊಟ್ಟವರೂ ಇದಕ್ಕೆ ತಲೆದೂಗುತ್ತಿರುವುದನ್ನು ಕಂಡ ಮೇಲೆ ಸುಮ್ಮನಿರುವುದು ಸರಿಯೆನಿಸಲಿಲ್ಲ. ಕಾಯಕವನ್ನು ಬಿಟ್ಟಿಯೆಂದು ಅರ್ಥೈಸುವುದು ಅಜ್ಞಾನವಾದರೆ ಕ್ಷಮ್ಯ. ತಿಳಿದೂ ಹಾಗೆ ಹೇಳಿದರೆ ಅದು ಶರಣರಿಗೆ ಮಾಡುವ ದ್ರೋಹ.

ಇವರೆಲ್ಲರೂ ಆಧಾರವಾಗಿ ಹಿಡಿಯುವುದು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು. ಮಾರಯ್ಯನು ಅಂದು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಆ ತಾಯಿ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ನೋಡಿರಿ, ಕೂಲಿಯವನು ಹೆಚ್ಚಿಗೆ ಆಶಿಸಬಾರದು ಎನ್ನುತ್ತಾರೆ ಇವರು. ಕಥೆಯನ್ನು ಇನ್ನೊಮ್ಮೆ ಸಾವಧಾನವಾಗಿ ಓದಬೇಕು. ಅಲ್ಲಿ ಅಳತೆ ಯಾರ ಕೈಯಲ್ಲಿದೆ? ಮಹಾಮನೆಯ ಒಡೆಯನಾದ ಬಸವಣ್ಣನವರ ಕೈಯಲ್ಲಿಲ್ಲ, ಬಿಜ್ಜಳನ ಭಂಡಾರದಲ್ಲಿಲ್ಲ. ದುಡಿಯುವ ಮನೆಯ ಹೆಣ್ಣುಮಗಳ ಕೈಯಲ್ಲಿದೆ. ತನ್ನ ಕಾಯಕಕ್ಕೆ ಸಲ್ಲತಕ್ಕದ್ದು ಎಷ್ಟು ಎಂಬುದನ್ನು ಅವಳು ಬಲ್ಲಳು. ಅದನ್ನು ಮೀರಿದ್ದನ್ನು ಮುಟ್ಟಳು. ಸಲ್ಲತಕ್ಕದ್ದನ್ನು ಬಿಟ್ಟುಕೊಟ್ಟಳೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಸಲ್ಲದ ಒಂದು ಹಿಡಿ ಅಕ್ಕಿ ಬಡವನ ಮನೆಯಲ್ಲಿಯೇ ಉಳಿಯಬಾರದಾದರೆ, ಸಲ್ಲದ ನೂರು ಖಂಡುಗ ಸಿರಿವಂತನ ಕಣಜದಲ್ಲಿ ಉಳಿಯಬಹುದೆ? ಲಕ್ಕಮ್ಮನ ಮಾತು ತಾಕಬೇಕಾದುದು ಮೊದಲು ದೊಡ್ಡ ಕೊಳಗದವರಿಗೆ.

ಕೊಳಗವೆಂದೆವು. ತಾಳಗುಂದಕ್ಕೆ ನೆರೆಯ ತಾಲ್ಲೂಕಾದ ಸಾಗರದ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹದ ಮೂಲ ಒಂದು ಕೊಳಗ. ಸರಕಾರ ಒಪ್ಪಿದ ಅಳತೆಗಿಂತ ದೊಡ್ಡದಾದ ಕೊಳಗದಲ್ಲಿ ಗೇಣಿ ಭತ್ತವನ್ನು ಅಳೆದುಕೊಳ್ಳುತ್ತಾರೆಂಬುದು ಗೇಣಿದಾರರ ಮುಖ್ಯ ದೂರು. ಅವರಲ್ಲಿ ಬಹುಪಾಲು ದೀವರು. ಅವರನ್ನು ಒಗ್ಗೂಡಿಸಿದವರು ಎಚ್. ಗಣಪತಿಯಪ್ಪನವರು. ಏಪ್ರಿಲ್ 18ರಂದು ತಾವು ಉಳುತ್ತಿದ್ದ ಗದ್ದೆಗೆ ತಾವೇ ನೇಗಿಲು ಹೂಡಲು ಹೊರಟವರು ಸೆರೆಯಾದರು. ತಂಡದ ಮೇಲೆ ತಂಡ ಹೋಯಿತು. ಶಾಂತವೇರಿ ಗೋಪಾಲಗೌಡರು ಮತ್ತು ಅವರ ಸಮಾಜವಾದಿ ಸಂಗಾತಿಗಳು ಅವರೊಡನೆ ನಿಂತರು. ಜೂನ್ ತಿಂಗಳಿನಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ಸಾಗರದಲ್ಲಿ ಬಂಧಿತರಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ವಿಧಾನಸಭೆಗೆ ಆರಿಸಿ ಹೋದರು. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರಕಾರದಲ್ಲಿ ನಿಹಿತವಾಗಿ ಉಳುವವನಿಗೆ ಒಡೆತನ ಬಂದ ಕಾನೂನಿಗೆ ದಾರಿ ಮಾಡಿದ ಹೋರಾಟಗಳಲ್ಲಿ ಕಾಗೋಡು ಒಂದು ಮುಖ್ಯ ಹೆಜ್ಜೆಯೆಂಬುದನ್ನು ಅರಿತವರೆಲ್ಲರೂ ಒಪ್ಪುತ್ತಾರೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಹೋರಾಟದ ಎದುರು ಬದಿಯಲ್ಲಿ ನಿಂತ ಜಮೀನುದಾರರಲ್ಲಿ ನಮ್ಮ ಸಮಾಜದವರಿದ್ದರು. ನಿತ್ಯ ಲಿಂಗಪೂಜೆ ಮಾಡುವವರಿದ್ದರು, ದಾಸೋಹಕ್ಕೆ ಮೂಟೆಗಟ್ಟಲೆ ಅಕ್ಕಿ ಕಳಿಸುವವರಿದ್ದರು. ನಾಡಿನ ಮಠಗಳೂ ಅಂದು ಗೇಣಿ ಎತ್ತುವ ಭೂಒಡೆಯರೇ ಆಗಿದ್ದವು. ಇದನ್ನು ಬರೆದರೆ ಕೆಲವರಿಗೆ ನೋವಾಗುವುದೆಂದು ಬಲ್ಲೆವು. ಆದರೆ ದಾಸೋಹದ ಅಕ್ಕಿ ಯಾವ ಕೊಳಗದಿಂದ ಅಳೆದದ್ದು ಎಂಬ ಪ್ರಶ್ನೆಯನ್ನು ಕೇಳುವ ಹಕ್ಕು ಆ ಅಕ್ಕಿಯನ್ನು ಬೆಳೆದವನ ಮೊಮ್ಮಗನಿಗೆ ಉಂಟು. ಅವನು ಇಂದು ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿಯೇ ಉಂಡು ಓದುತ್ತಿರುವವನು.

ಕಾಗೋಡಿನ ಕಥೆಯಾದರೂ ಸಮಾಜವಾದಿಗಳ ಲೇಖನಿಯಿಂದ ಉಳಿಯಿತು. ಭದ್ರಾವತಿಯದು? ಬೆಂಕಿಪುರವೆಂಬ ಊರಿನಲ್ಲಿ 1918ರಲ್ಲಿ ನಿಶ್ಚಯವಾಗಿ 1923ರಲ್ಲಿ ಕಬ್ಬಿಣ ಇಳಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ವಿಚಾರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯನ್ನು ಹಾಡಿ ಹೊಗಳುವ ಗ್ರಂಥಗಳು ಬೇಕಾದಷ್ಟಿವೆ. ಆ ಹೊಗಳಿಕೆಗೆ ಅವರು ಅರ್ಹರೇ. ಆದರೆ ಆ ಕುಲುಮೆ ಕಲ್ಲಿದ್ದಲಿನಿಂದ ಉರಿಯಲಿಲ್ಲ, ಮಲೆನಾಡಿನ ಮರದ ಇದ್ದಿಲಿನಿಂದ ಉರಿಯಿತು. ಆ ಮರವನ್ನು ಕಡಿದವರು, ಮಳೆಗಾಲದ ಚಳಿಜ್ವರದಲ್ಲಿ ಕಾಡಿನೊಳಗೆ ದುಡಿದವರು, ಕೆಮ್ಮಣ್ಣುಗುಂಡಿಯಲ್ಲಿ ಅದಿರು ಅಗೆದವರು, ಕುಲುಮೆಯ ಬಾಯಲ್ಲಿ ಪಾಳಿಯ ಮೇಲೆ ಪಾಳಿ ನಿಂತವರು ಯಾವ ಊರಿನವರು, ಯಾವ ಭಾಷೆಯವರು, ಮೇಸ್ತ್ರಿಗೆ ಎಷ್ಟು ಸಲ್ಲಿಸಿದರು, ಎಷ್ಟನ್ನು ಮನೆಗೆ ಒಯ್ದರು? ಇದನ್ನು ಹೇಳುವ ಕನ್ನಡ ಪುಸ್ತಕವನ್ನು ಹುಡುಕಿಕೊಂಡು ಬರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ನಾವು ಧೈರ್ಯವಾಗಿ ಕೈಯಲ್ಲಿಡಬಲ್ಲಂಥದು ನಮ್ಮ ಗ್ರಂಥಭಂಡಾರದಲ್ಲಿಲ್ಲ.

ಕಾರ್ಖಾನೆಗಳೇನೋ ಮುಚ್ಚುವ ಹಾದಿ ಹಿಡಿದಿವೆ. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯನ್ನು 1998ರಲ್ಲಿ ಉಕ್ಕು ಪ್ರಾಧಿಕಾರದಲ್ಲಿ ವಿಲೀನಗೊಳಿಸಲಾಯಿತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು, ಅವರಲ್ಲಿಯೂ ಗುತ್ತಿಗೆಯವರು, ತಿಂಗಳುಗಟ್ಟಲೆ ಧರಣಿ ಕೂತರು. ಅದೇ ವರ್ಷ ಉತ್ಪಾದನೆಯ ಒಂದಂಶ ಮತ್ತೆ ಆರಂಭವಾಯಿತು. ಕಾರ್ಖಾನೆ ಉಳಿಯಬೇಕೋ ಬೇಡವೋ ಎಂಬುದರಲ್ಲಿ ಅರ್ಥಶಾಸ್ತ್ರಜ್ಞರಿಗೆ ನಾನಾ ಮತಗಳಿರಲಿ. ನಮ್ಮ ಪ್ರಶ್ನೆ ಬೇರೆ. ಹಾಜರಿ ಪುಸ್ತಕಗಳು, ಸೇವಾ ಕಡತಗಳು, ಅಪಘಾತದ ದಾಖಲೆಗಳು, ಸಂಘಗಳು ಹಂಚಿದ ಕರಪತ್ರಗಳು, ಒಡಂಬಡಿಕೆಯ ಪ್ರತಿಗಳು, ಇವುಗಳ ಗತಿ ಏನು? ಯಂತ್ರಗಳ ಬೆಲೆ ಕಟ್ಟುವವರಿದ್ದಾರೆ. ರದ್ದಿಯ ತೂಕಕ್ಕೆ ಹೋಗುವ ಕಾಗದದ ಬೆಲೆ ಕಟ್ಟುವವರು ಯಾರು? ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿಯೇ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ. ಎರಡು ಕಾರ್ಖಾನೆಗಳ ಹೊಗೆ ಕಾಣುವ ದೂರದಲ್ಲಿ ಇರುವ ವಿದ್ಯಾಸಂಸ್ಥೆಗೆ ಇದಕ್ಕಿಂತ ಹತ್ತಿರದ ಸಂಶೋಧನ ವಿಷಯ ಇನ್ನಾವುದು?

ಮೈಸೂರು ಸಂಸ್ಥಾನದ ಕಾರ್ಮಿಕರನ್ನು ಕುರಿತು ಒಳ್ಳೆಯ ಕೆಲಸ ನಡೆದೇ ಇಲ್ಲವೆಂದಲ್ಲ. ಜಾನಕಿ ನಾಯರ್ ಅವರು ಕೋಲಾರದ ಚಿನ್ನದ ಗಣಿ ಮತ್ತು ಬೆಂಗಳೂರಿನ ಗಿರಣಿಗಳ ಕಾರ್ಮಿಕರ ಮೇಲೆ 1998ರಲ್ಲಿ ಪ್ರಕಟಿಸಿದ ಗ್ರಂಥ ವಿದ್ವತ್ತೆಗೆ ಮಾದರಿ. ಆದರೆ ಅದು ಇಂಗ್ಲಿಷಿನಲ್ಲಿದೆ. 1930ರಲ್ಲಿ ಗಣಿಯ ಕೂಲಿಗಳು ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಕಟ್ಟಳೆಯನ್ನು ಒಪ್ಪದೆ ಕೆಲಸ ಬಿಟ್ಟು ಹೊರಬಂದರು. ಹೆಬ್ಬೆಟ್ಟು ಒತ್ತಿಸುವುದು ಕಳ್ಳಕಾಕರಿಗೆ ಮಾಡುವ ಅವಮಾನವೆಂದು ಅಕ್ಷರ ಬಾರದವರಿಗೂ ಅನಿಸಿತ್ತು. ಇಂದು ನಾವೆಲ್ಲರೂ ಪಡಿತರ ಅಂಗಡಿಯಲ್ಲಿ ಬೆರಳಿಟ್ಟು ನಿಲ್ಲುತ್ತೇವೆ, ಅದು ಬೇರೆ ಮಾತು. ಮಾದರಿ ಸಂಸ್ಥಾನವೆಂದು ಹೆಸರಾದ ಮೈಸೂರಿನಲ್ಲಿ ಕಾರ್ಮಿಕ ಸಂಘಕ್ಕೆ ಕಾನೂನಿನ ಮನ್ನಣೆ ದೊರೆತುದು 1941ರ ತುರ್ತು ಶಾಸನ ಮತ್ತು 1942ರ ಮೈಸೂರು ಕಾರ್ಮಿಕ ಶಾಸನದಿಂದ. ಬ್ರಿಟಿಷ್ ಇಂಡಿಯಾದಲ್ಲಿ ಅದು 1926ರಲ್ಲಿಯೇ ಬಂದಿತ್ತು. ಹದಿನೈದು ವರ್ಷ ಹಿಂದೆ ಬಿದ್ದ ಸಂಗತಿಯನ್ನು ನಮ್ಮ ಶಾಲೆಯ ಮಕ್ಕಳಿಗೆ ಯಾವ ಪಾಠವೂ ಹೇಳುವುದಿಲ್ಲ. ಕೋಲಾರದ ಗಣಿಯೂ 2001ರ ಫೆಬ್ರವರಿ 28ರಂದು ಮುಚ್ಚಿತು.

ಸಂನ್ಯಾಸಿಗೇಕೆ ಈ ಗೊಡವೆ, ಇದು ಕೆಂಬಾವುಟದವರ ಕೆಲಸ ಎನ್ನುವವರುಂಟು. ಅವರು ಸ್ವಲ್ಪ ಹೊರದೇಶದ ಕಡೆ ನೋಡಲಿ. ಕೆನಡಾ ದೇಶದ ವಿನ್ನಿಪೆಗ್ ನಗರದಲ್ಲಿ 1919ರ ಮೇ 15ರಿಂದ ಜೂನ್ 26ರವರೆಗೆ ಸುಮಾರು ಮೂವತ್ತು ಸಾವಿರ ಮಂದಿ ಕೆಲಸ ನಿಲ್ಲಿಸಿದರು. ಜೂನ್ 21ರಂದು ಕುದುರೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ತೀರಿಕೊಂಡರು. ಆ ಮುಷ್ಕರದ ಪತ್ರಿಕೆಯನ್ನು ಕೆಲಕಾಲ ನಡೆಸಿದುದಕ್ಕೆ ಸೆರೆಯಾದವರಲ್ಲಿ ಜೆ. ಎಸ್. ವುಡ್ಸ್‌ವರ್ತ್ ಒಬ್ಬರು. ಅವರು ಮೆಥಡಿಸ್ಟ್ ಪಂಥದ ಪಾದ್ರಿಯಾಗಿದ್ದವರು. ಅವರ ಮೇಲೆ ಹೊರಿಸಿದ ರಾಜದ್ರೋಹದ ಆಪಾದನೆಯಲ್ಲಿ ಬೈಬಲ್ಲಿನ ಯೆಶಾಯ ಪ್ರವಾದಿಯ ವಾಕ್ಯಗಳನ್ನು ಅಚ್ಚು ಹಾಕಿದ್ದೂ ಸೇರಿತ್ತು! ಬಡವರನ್ನು ಹಿಂಡುವ ಕಾನೂನು ಮಾಡುವವರನ್ನು ಆ ಪ್ರವಾದಿ ಖಂಡಿಸಿದ್ದಾನೆ. ಅಧಿಕಾರಿಗಳಿಗೆ ಅದು ಇಂದಿನ ಮಾತಿನಂತೆ ಕೇಳಿಸಿತು. ಆಪಾದನೆ ಮುಂದೆ ಬಿದ್ದುಹೋಯಿತು. ನಮ್ಮ ವಚನಗಳನ್ನು ಯಾವ ಅಧಿಕಾರಿಯೂ ರಾಜದ್ರೋಹವೆಂದು ಈವರೆಗೆ ಎಣಿಸದಿರುವುದು ನಾವು ಅವನ್ನು ಎಷ್ಟು ಸಾಧುವಾಗಿ ಓದುತ್ತಿದ್ದೇವೆ ಎಂಬುದಕ್ಕೆ ಸಾಕ್ಷಿಯೆಂದು ಒಮ್ಮೊಮ್ಮೆ ಅನಿಸುವುದುಂಟು.

ಅದೇ ದೇಶದ ಕ್ವಿಬೆಕ್ ಪ್ರಾಂತ ಕ್ಯಾಥೊಲಿಕರದು. ಅಲ್ಲಿನ ಧರ್ಮಪೀಠ ಬಹುಕಾಲ ವಿಧೇಯತೆಯನ್ನೇ ಬೋಧಿಸಿತು. 1921ರಲ್ಲಿ ಪಾದ್ರಿಗಳ ಮಾರ್ಗದರ್ಶನದಲ್ಲಿ ಕ್ಯಾಥೊಲಿಕ್ ಕಾರ್ಮಿಕ ಸಂಘಗಳ ಒಕ್ಕೂಟ ಹುಟ್ಟಿದುದರಲ್ಲಿ ಕಾರ್ಮಿಕರನ್ನು ಪರದೇಶದ ಸಂಘಗಳಿಂದ ದೂರವಿಡುವ ಉದ್ದೇಶವೂ ಇತ್ತು. ಆದರೆ ಸಂಘ ಕಟ್ಟಿದ ಮೇಲೆ ಸಂಘದ ಧರ್ಮ ತನ್ನ ದಾರಿ ಹಿಡಿಯಿತು. 1949ರಲ್ಲಿ ಕಲ್ನಾರಿನ ಗಣಿಗಳಲ್ಲಿ ಕೂಲಿಗಾಗಿಯೂ, ಶ್ವಾಸಕೋಶ ಹಾಳುಮಾಡುವ ಧೂಳಿನ ವಿರುದ್ಧವಾಗಿಯೂ ದೊಡ್ಡ ಮುಷ್ಕರವಾಯಿತು. ಪ್ರಾಂತ ಸರಕಾರ ಅದನ್ನು ಕಾನೂನುಬಾಹಿರವೆಂದು ಸಾರಿತು. ಆಗ ಮಾಂಟ್ರಿಯಲಿನ ಆರ್ಚ್‌ಬಿಷಪ್ ಜೋಸೆಫ್ ಷಾರ್ಬೊನೊ ಅವರು ಮುಷ್ಕರ ಹೂಡಿದವರ ಮನೆಗಳಿಗಾಗಿ ಇಗರ್ಜಿಗಳ ಬಾಗಿಲಲ್ಲಿ ಹಣ ಕೂಡಿಸಲು ಅಪ್ಪಣೆ ಮಾಡಿದರು. ಮರುವರ್ಷ ಅವರು ಪೀಠ ತ್ಯಾಗ ಮಾಡಬೇಕಾಯಿತು. ಪೀಠ ಹೋದರೂ ಅವರ ಹೆಸರು ಉಳಿದಿದೆ.

ನಮಗೆ ಇಲ್ಲಿ ಬೇಕಾದುದು ಇನ್ನೂ ಒಂದು ಸಂಗತಿ. ಆ ಪ್ರಾಂತದ ಲವಾಲ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಗಳ ಶಾಲೆಯನ್ನು 1938ರಲ್ಲಿ ತೆರೆದವರು ಡೊಮಿನಿಕನ್ ಸಂನ್ಯಾಸಿ ಜಾರ್ಜ್ ಆನ್ರಿ ಲೆವೆಕ್. ಅಲ್ಲಿ ಹುಟ್ಟಿದ ಔದ್ಯೋಗಿಕ ಸಂಬಂಧಗಳ ವಿಭಾಗವು 1945ರಲ್ಲಿ ಒಂದು ಸಂಶೋಧನ ಪತ್ರಿಕೆಯನ್ನು ಆರಂಭಿಸಿತು. ಅದನ್ನು ದಶಕಗಳ ಕಾಲ ನಡೆಸಿದವರು ಜೆರಾರ್ ದಿಯೋನ್ ಎಂಬ ಪಾದ್ರಿ. ಕೂಲಿ, ಒಡಂಬಡಿಕೆ, ಸಂಘ, ಮುಷ್ಕರ ಇವುಗಳನ್ನು ಶಾಸ್ತ್ರವಿಷಯವನ್ನಾಗಿ ಅಧ್ಯಯನ ಮಾಡುವುದು ಧಾರ್ಮಿಕನ ಕರ್ತವ್ಯವೆಂದು ಅವರಿಗೆ ಅನಿಸಿತು. ಅಲ್ಲಿಯ ಕಾರ್ಮಿಕ ಚರಿತ್ರಕಾರರು 1976ರಿಂದ ಇಂಗ್ಲಿಷ್ ಮತ್ತು ಫ್ರೆಂಚ್ ಎರಡು ಭಾಷೆಗಳಲ್ಲಿಯೂ ತಮ್ಮದೇ ಪತ್ರಿಕೆಯನ್ನು ಪ್ರಕಟಿಸುತ್ತಿದ್ದಾರೆ. ನಮ್ಮ ದೇಶದಲ್ಲಿಯೂ ಕಾರ್ಮಿಕ ಚರಿತ್ರಕಾರರ ಸಂಘ 1996ರಲ್ಲಿ ಸ್ಥಾಪಿತವಾಯಿತು, ನೊಯ್ಡಾದ ವಿ. ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೊಡನೆ ಕೂಡಿ ಕಾರ್ಮಿಕ ದಾಖಲೆಗಳ ಭಂಡಾರವೊಂದನ್ನು ಕಟ್ಟಿತು. ನೊಯ್ಡಾದಲ್ಲಿ ಆಗಬಹುದಾದುದು ಮಲೆನಾಡಿನಲ್ಲಿ ಆಗಬಾರದೆ?

ಮಠಕ್ಕೆ ವಿದ್ವತ್ತು ಹೊಸದೇನೂ ಅಲ್ಲ. ತಾಳಗುಂದಕ್ಕೆ ಕೂಗಳತೆಯ ಬಳ್ಳಿಗಾವೆಯಲ್ಲಿ, ಅಲ್ಲಮಪ್ರಭುಗಳ ಹುಟ್ಟೂರೆಂದು ನಾವು ನಂಬುವ ಆ ನೆಲದಲ್ಲಿ, ಕೋಡಿಯ ಮಠವೊಂದಿತ್ತು. 1162ರ ಶಾಸನವು ಅಲ್ಲಿ ವ್ಯಾಕರಣಗಳ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನು ಹೇಳಿ, ಅದೇ ಉಸಿರಿನಲ್ಲಿ ಕುಂಟರು, ಕುರುಡರು, ದೀನರು, ಅನಾಥರಿಗೆ ಅನ್ನವಿಕ್ಕುತ್ತಿದ್ದುದನ್ನೂ, ರೋಗಿಗಳಿಗೆ ಔಷಧ ಕೊಡುತ್ತಿದ್ದುದನ್ನೂ ಎಣಿಸುತ್ತದೆ. ಅದು ಕಾಳಾಮುಖರ ಮಠ, ನಮ್ಮದಲ್ಲ. ಆದರೂ ಪಾಠಶಾಲೆ ಮತ್ತು ಅನ್ನಸತ್ರಗಳನ್ನು ಬೇರೆ ಮಾಡದ ಆ ಬುದ್ಧಿ ನಮಗೂ ಬಂದಿದೆ. ಅನ್ನ ಕೊಟ್ಟೆವು, ಅಕ್ಷರ ಕೊಟ್ಟೆವು, ಸರಿ. ಅನ್ನ ಬೆಳೆದವನ ಲೆಕ್ಕವನ್ನು ಬರೆದಿಡಲಿಲ್ಲ.

ಈಗಿನ ಕಾಲದ ಒಂದೆರಡು ಸಂಗತಿಗಳನ್ನು ಹೇಳಿ ವಿಷಯಕ್ಕೆ ಬರುತ್ತೇವೆ. ನಮ್ಮ ಶಿಕಾರಿಪುರ, ಸೊರಬದ ಕಡೆಯ ಹಳ್ಳಿಗಳಿಂದ ಹೆಣ್ಣುಮಕ್ಕಳು ಸಿದ್ಧ ಉಡುಪಿನ ಕೆಲಸಕ್ಕೆ ಶಿವಮೊಗ್ಗಕ್ಕೂ ಬೆಂಗಳೂರಿಗೂ ಹೋಗುತ್ತಿದ್ದಾರೆ. 2016ರ ಏಪ್ರಿಲ್ ತಿಂಗಳಿನಲ್ಲಿ ಭವಿಷ್ಯ ನಿಧಿಯ ಹಣ ತೆಗೆಯುವ ನಿಯಮವನ್ನು ಕೇಂದ್ರ ಸರಕಾರ ಬಿಗಿ ಮಾಡಿದಾಗ ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಸಂಖ್ಯೆಯಲ್ಲಿ ಇಳಿದವರು ಇಂಥ ಹೆಣ್ಣುಮಕ್ಕಳೇ. ಯಾವ ದೊಡ್ಡ ಸಂಘವೂ ಅವರನ್ನು ಕರೆದಿರಲಿಲ್ಲ. ಎರಡೇ ದಿನಗಳಲ್ಲಿ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ದಿನ ಕಲ್ಲು ತೂರಾಟವೂ ಬಸ್ಸುಗಳಿಗೆ ಬೆಂಕಿಯೂ ಆದುವು. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಪತ್ರಿಕೆಗಳಲ್ಲಿ ಉರಿದ ಬಸ್ಸಿನ ಚಿತ್ರ ಉಳಿಯಿತು, ಆ ತಂಗಿಯರ ಮಾತು ಎಷ್ಟು ಉಳಿಯಿತು? 1926ರ ಕಾರ್ಮಿಕ ಸಂಘಗಳ ಶಾಸನ, 1946ರ ಸ್ಥಾಯೀ ಆಜ್ಞೆಗಳ ಶಾಸನ, 1947ರ ಔದ್ಯೋಗಿಕ ವಿವಾದಗಳ ಶಾಸನ ಮೂರನ್ನೂ ತೆಗೆದು ಅವುಗಳ ಸ್ಥಾನದಲ್ಲಿ ಔದ್ಯೋಗಿಕ ಸಂಬಂಧಗಳ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ತರಲಾಗಿದೆ. ಮೊದಲು ನೂರು ಮಂದಿ ಇದ್ದ ಕಾರ್ಖಾನೆಯನ್ನು ಮುಚ್ಚಲು ಸರಕಾರದ ಅಪ್ಪಣೆ ಬೇಕಿತ್ತು. ಈಗ ಮುನ್ನೂರು ಮಂದಿ ಇದ್ದರೆ ಮಾತ್ರ ಬೇಕು. ಮುಷ್ಕರಕ್ಕೆ ಹದಿನಾಲ್ಕು ದಿನಗಳ ಮುನ್ಸೂಚನೆ ಎಲ್ಲ ಕೈಗಾರಿಕೆಗಳಿಗೂ ಕಡ್ಡಾಯ. ಇದು ಒಳಿತೋ ಕೆಡುಕೋ ಎಂದು ಚರ್ಚಿಸಬೇಕಾದವರು ಆ ಹಳೆಯ ಶಾಸನಗಳು ಯಾವ ಹಟ್ಟಿಯ ಕಣ್ಣೀರಿನಿಂದ, ಯಾವ ಗುಂಡೇಟಿನಿಂದ ಹುಟ್ಟಿದುವೆಂದು ತಿಳಿದಿರಬೇಕು. ತಿಳಿಸುವ ಪುಸ್ತಕ ಕನ್ನಡದಲ್ಲಿ ವಿರಳವಾಗಿರುವಾಗ ಚರ್ಚೆಯೂ ಒಡೆಯರ ಮಾತಿನಂತೆಯೇ ನಡೆಯುವುದು ಸಹಜ.

ಸಂಘಗಳೆಲ್ಲ ಸಾಧುಗಳೆಂದು ನಾವು ಹೇಳುತ್ತಿಲ್ಲ. ಚಂದಾ ಎತ್ತಿ ತಿಂದ ಮುಖಂಡರು, ಜಾತಿ ನೋಡಿ ಕೆಲಸ ಕೊಡಿಸಿದವರು, ಕಾಯಂ ನೌಕರರ ಭತ್ಯಕ್ಕಾಗಿ ಹೋರಾಡಿ ಗುತ್ತಿಗೆಯವರನ್ನು ಕೈಬಿಟ್ಟವರು ಭದ್ರಾವತಿಯಲ್ಲಿಯೂ ಇದ್ದಿರಬೇಕು, ಎಲ್ಲೆಡೆಯಲ್ಲಿಯೂ ಇರುತ್ತಾರೆ. ಚರಿತ್ರೆ ಬರೆದರೆ ಅದೂ ಬರುವುದು, ಬರಬೇಕು. ಹೊಗಳಿಕೆಯ ಪುಸ್ತಕ ರಾಜರಿಗೆ ಒಂದು ಸಾಕು. ಕಾರ್ಮಿಕರಿಗೆ ಇನ್ನೊಂದು ಬೇಡ.

ಇನ್ನು ಮಾಡಬೇಕಾದುದು. ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಚರಿತ್ರೆಯ ಅಧ್ಯಾಪಕರಿದ್ದಾರೆ, ಕಾರ್ಮಿಕ ಇಲಾಖೆಯಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ಭದ್ರಾವತಿಯ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತವರೂ ಇದ್ದಾರೆ. ಕುಲುಮೆಯ ಮುಂದೆ ನಿಂತವರ ಮಾತನ್ನು ಅವರು ಇರುವಾಗಲೇ ಬರೆದುಕೊಳ್ಳಬೇಕು. ಅದಕ್ಕೆ ವಿಶ್ವವಿದ್ಯಾಲಯದ ಅನುದಾನಕ್ಕಾಗಿ ಕಾಯುವ ಅಗತ್ಯವಿಲ್ಲ. ಅಡಕೆಯ ಕೊನೆಗಾರರು, ಸುಲಿಯಲು ಬರುವ ಹೆಂಗಸರು, ಕಬ್ಬು ಕಡಿಯಲು ಬರುವ ತಂಡಗಳು, ಕೆರೆ ಅಗೆದ ಮಣ್ಣು ವಡ್ಡರ ಮನೆತನಗಳು, ಇವರಿಗೆ ಸಂದ ಕೂಲಿ ಎಷ್ಟು, ಯಾವ ವರ್ಷ ಹೇಗೆ ಬದಲಾಯಿತು ಎಂಬುದನ್ನು ಊರಿಗೊಬ್ಬರು ಬರೆದರೂ ಈ ಪತ್ರಿಕೆಯಲ್ಲಿ ಅಚ್ಚು ಮಾಡಲು ಪುಟಗಳಿವೆ.

ಪರರ ಕಡತ ಕೇಳುವವರು ಮೊದಲು ತಮ್ಮದನ್ನು ಬಿಚ್ಚಬೇಕು. ನಮ್ಮ ಮಠದ ಉಗ್ರಾಣದ ಮೇಲಿನ ಕೋಣೆಯಲ್ಲಿ ಗೇಣಿಯ ಲೆಕ್ಕದ ಪುಸ್ತಕಗಳಿವೆ. 1974ಕ್ಕೆ ಹಿಂದಿನವು, ಕೆಲವಕ್ಕೆ ಗೆದ್ದಲು ಹಿಡಿದಿದೆ. ಯಾರ ಹೆಸರಿನಲ್ಲಿ ಎಷ್ಟು ಖಂಡುಗ, ಯಾವ ವರ್ಷ ಬರ, ಎಷ್ಟು ಬಾಕಿ, ಬಾಕಿಗೆ ಏನು ಮಾಡಲಾಯಿತು ಎಂಬುದೆಲ್ಲ ಅವುಗಳಲ್ಲಿದೆ. ಅವನ್ನು ಹೊರಗಿನವರಿಗೆ ತೋರಿಸುವುದು ಮಠದ ಮರ್ಯಾದೆಗೆ ಕುಂದು ಎಂದು ಆಡಳಿತ ಮಂಡಳಿಯ ಕೆಲವರು ಅಭಿಪ್ರಾಯಪಟ್ಟರು. ಅವರ ಕಾಳಜಿಯನ್ನು ಕೇಳಿದ್ದೇವೆ, ಒಪ್ಪಿಲ್ಲ. ಕೋಣೆಯ ಬೀಗದ ಕೈ ಈಗ ಗ್ರಂಥಪಾಲಕರ ಬಳಿ ಇದೆ. ಸೋಮವಾರವೊಂದನ್ನು ಬಿಟ್ಟು ಯಾವ ದಿನವಾದರೂ ಬೆಳಗಿನ ಪೂಜೆಯ ಅನಂತರ ಬಂದು ಕುಳಿತು ಓದಬಹುದು. ಪ್ರಸಾದದ ವ್ಯವಸ್ಥೆಯಿದೆ. ಕೊಳಗವೂ ಅದೇ ಕೋಣೆಯಲ್ಲಿದೆ. ಅಳೆದು ನೋಡಬಯಸುವವರು ಒಂದು ಸೇರು ಭತ್ತವನ್ನು ಜೊತೆಗೆ ತರಲಿ.